ಎಣಿಸಿ ನೋಡಬಹುದಾದ ಪುಸ್ತಕ

ಜೂಜಿಗೂ ಪುಸ್ತಕಕ್ಕೂ ನಮ್ಮ ಸೀಮೆಯಲ್ಲಿ ಹಳೆಯ ನಂಟು. ಕೋಳಿ ಅಂಕಕ್ಕೆ ಹೊರಟ ಹಿರಿಯರ ಕಿಸೆಯಲ್ಲಿ ಕುಕ್ಕುಟ ಪಂಚಾಂಗ ಇರುತ್ತಿತ್ತು, ಈಗಲೂ ಕೆಲವರ ಹತ್ತಿರ ಉಂಟು. ಯಾವ ದಿನ, ಯಾವ ಹೊತ್ತಿಗೆ, ಯಾವ ಬಣ್ಣದ ಹುಂಜ ಯಾವ ಬಣ್ಣದ್ದನ್ನು ಹೊಡೆಯುತ್ತದೆ ಎಂದು ಹೇಳುವ ಪುಸ್ತಕ ಅದು. ಇವತ್ತು ಬೊಳ್ಳೆಯನ್ನು ಬಿಡುವುದೋ ಕೆಮ್ಮೈರೆಯನ್ನೋ, ಕಕ್ಕೆಯನ್ನು ಮನೆಯಲ್ಲೇ ಬಿಟ್ಟು ಹೋಗುವುದೋ ಎಂದು ತೀರ್ಮಾನಿಸುವ ಮೊದಲು ಅದನ್ನು ತೆರೆದು ನೋಡುತ್ತಾರೆ. ಈ ಪುಸ್ತಕದ ದೊಡ್ಡ ಗುಣ ಎಂದರೆ ಅದು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಸೋತಿಲ್ಲ. ಹುಂಜ ಸೋತರೆ ಅದರ ಕಾಲಿಗೆ ಬಾಳು ಎಂಬ ಕತ್ತಿ ಕಟ್ಟಿದವನ ಕೈ ಸರಿಯಿರಲಿಲ್ಲ, ಹೊತ್ತು ನೋಡಿದ್ದು ಸ್ವಲ್ಪ ಆಚೀಚೆ ಆಯಿತು, ಬಣ್ಣ ಗುರುತಿಸಿದ್ದೇ ತಪ್ಪು. ಗೆದ್ದರೆ ಮಾತ್ರ ಪಂಚಾಂಗದ ಮಹಿಮೆ.

ಇದನ್ನು ನಂಬುವವರನ್ನು ನೋಡಿ ನಗುವ ಕಲಿತವರು ನರಿಮೊಗರಿನಲ್ಲೂ ಪುತ್ತೂರಿನಲ್ಲೂ ಬೇಕಷ್ಟು ಸಿಗುತ್ತಾರೆ. ನಾನೂ ನಗುತ್ತಿದ್ದೆ. ತಂಗಿಯ ಮಗ ತನ್ನ ಪೋಕರ್ ಪುಸ್ತಕಗಳನ್ನು ನನ್ನೆದುರು ಹರಡಿದ ಮೇಲೆ ನಗುವುದು ಸ್ವಲ್ಪ ಕಷ್ಟವಾಯಿತು.

ಅವನು ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವನು. ಪುರುಷರಕಟ್ಟೆಯಿಂದ ಸ್ವಲ್ಪ ಒಳಗೆ ಮನೆ, ಸುತ್ತ ಅಡಿಕೆ ತೋಟ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಸಣ್ಣ ಪೋಕರ್ ಟೂರ್ನಮೆಂಟು ಆಡುತ್ತಿದ್ದ. ಹತ್ತು ಜನ, ಒಂದೇ ಮೇಜು. ತಲಾ ನೂರು ರೂಪಾಯಿ ಬಹುಮಾನದ ನಿಧಿಗೆ, ಹತ್ತು ರೂಪಾಯಿ ಆಟ ನಡೆಸುವವನಿಗೆ. ಒಟ್ಟಾದ ಸಾವಿರದಲ್ಲಿ ಮೊದಲನೆಯವನಿಗೆ 500, ಎರಡನೆಯವನಿಗೆ 300, ಮೂರನೆಯವನಿಗೆ 200. ಉಳಿದ ಏಳು ಜನ ಬರಿಗೈ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು. ಪೊಲೀಸರು ಗುಡ್ಡದ ಮರೆಯಲ್ಲಿ ಹಿಡಿಯುವ ಉಲಾಯಿ-ಪಿದಾಯಿಯ ಹಾಗೆ ಇದು ಬರೀ ಅದೃಷ್ಟದ ಆಟ ಅಲ್ಲ. ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಎಷ್ಟು ಪಣ ಒಡ್ಡುವುದು, ಯಾವಾಗ ಎಲೆ ಮಗುಚಿ ಬಿಟ್ಟುಕೊಡುವುದು ಎಂಬುದು ಆಡುವವನ ಬುದ್ಧಿಗೆ ಬಿಟ್ಟದ್ದು. ಹಾಗೆಂದು ಅದೃಷ್ಟ ಇಲ್ಲವೆಂದಲ್ಲ. ಒಂದು ರಾತ್ರಿಯ ಮಟ್ಟಿಗೆ ಅದೃಷ್ಟವೇ ಯಜಮಾನ.

‘ಮಾವ, ನೀವು ಗಣಿತ ಕಲಿಸಿದವರಲ್ವಾ, ಇದರಲ್ಲಿ ಯಾವುದನ್ನು ಓದಬೇಕು ಹೇಳಿ’ ಅಂದ.

ಪೋಕರ್ ನನಗೆ ಗೊತ್ತಿರಲಿಲ್ಲ, ಪುಸ್ತಕ ಗೊತ್ತಿತ್ತು. ಒಂದು ಪುಸ್ತಕವನ್ನು ನಂಬುವ ಮೊದಲು ಏನು ಕೇಳಬೇಕು ಎಂಬ ಅಭ್ಯಾಸ ತೋಟ ಇಟ್ಟುಕೊಂಡವರಿಗೆಲ್ಲ ತನ್ನಷ್ಟಕ್ಕೆ ಬಂದಿರುತ್ತದೆ. ಅಡಿಕೆಯ ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ ಎಂದು ಪುಸ್ತಕದಲ್ಲಿ ಬರೆದಿದ್ದರೆ ಅದು ಸರಿಯೋ ತಪ್ಪೋ ಎಂದು ಒಂದು ಮಳೆಗಾಲ ಹೇಳಿಬಿಡುತ್ತದೆ. ಮದ್ದು ಬಿಟ್ಟ ತೋಟದಲ್ಲಿ ಗೊನೆ ನಿಲ್ಲುತ್ತದೆ, ಬಿಡದ ತೋಟದಲ್ಲಿ ಕಾಯಿ ಉದುರಿ ಕಣಿಯಲ್ಲಿ ತೇಲುತ್ತದೆ. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟದ್ದು ಇದೇ ಧೈರ್ಯದ ಮೇಲೆ: ಮಾಡಿ ನೋಡಿದವನು ಬರೆಯಲಿ, ಓದಿದವನು ಮಾಡಿ ನೋಡಲಿ. ಇನ್ನೊಂದು ಸಂಗತಿಯನ್ನು ನಾವು ಗಮನಿಸುವುದೇ ಇಲ್ಲ. ನೆರೆಮನೆಯವನು ಅದೇ ಪುಸ್ತಕ ಓದಿ ಅದೇ ಮದ್ದು ಬಿಟ್ಟರೆ ನನ್ನ ತೋಟಕ್ಕೆ ನಷ್ಟವಿಲ್ಲ. ಕೊಳೆರೋಗಕ್ಕೆ ಓದು ಬರಹ ಬರುವುದಿಲ್ಲ. ನಾವು ಏನು ಓದಿದ್ದೇವೆಂದು ತಿಳಿದುಕೊಂಡು ಬರುವ ವರ್ಷ ಬೇರೆ ಉಪಾಯ ಹೂಡುವುದಿಲ್ಲ.

ಪೋಕರಿನಲ್ಲಿ ಈ ಎರಡೂ ಇಲ್ಲ. ಎದುರು ಕೂತವನೂ ಓದುತ್ತಾನೆ. ಎಲ್ಲರೂ ಓದಿದ ದಿನ ಆ ಪುಸ್ತಕದ ಬೆಲೆ ರದ್ದಿಯದ್ದು. ಸರಿಯಾಗಿ ಆಡಿದೆನೋ ಇಲ್ಲವೋ ಎಂದು ಫಲಿತಾಂಶವೂ ಹೇಳುವುದಿಲ್ಲ. ಸರಿಯಾಗಿ ಆಡಿದವನು ಸೋಲುತ್ತಾನೆ, ಕಣ್ಣುಮುಚ್ಚಿ ಎಲ್ಲವನ್ನೂ ಒಡ್ಡಿದವನು ಗೆದ್ದು ಎದ್ದು ಹೋಗುತ್ತಾನೆ. ಹಾಗಿರುವಾಗ ಪುಸ್ತಕವನ್ನು ಅಳೆಯುವುದು ಯಾವ ಕೋಲಿನಿಂದ?

ಅವನು ತಂದಿಟ್ಟದ್ದರಲ್ಲಿ ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ಪ್ರಸಿದ್ಧ ‘ಸೂಪರ್ ಸಿಸ್ಟಮ್’. ಅಮೆರಿಕದ ಟೆಕ್ಸಾಸಿನ ಡಾಯ್ಲ್ ಬ್ರನ್ಸನ್ 1970ರ ದಶಕದ ಕೊನೆಯಲ್ಲಿ ತಾನೇ ಅಚ್ಚು ಹಾಕಿಸಿ ನೂರು ಡಾಲರಿಗೆ ಮಾರಿದ ಪುಸ್ತಕ. 1976 ಮತ್ತು 1977ರಲ್ಲಿ ಪೋಕರಿನ ವಿಶ್ವ ಸರಣಿಯ ಮುಖ್ಯ ಪಂದ್ಯ ಗೆದ್ದವನು. ಆಕ್ರಮಣವೇ ಅವನ ಮಂತ್ರ. ಆದರೆ ಅವನು ಬರೆದದ್ದು ಸೋತರೆ ಮತ್ತೆ ಜೇಬಿನಿಂದ ದುಡ್ಡು ತೆಗೆದು ಮೇಜಿಗೆ ಇಡಬಹುದಾದ, ಮೇಜಿನ ಮೇಲೆ ರಾಶಿ ರಾಶಿ ಚಿಪ್ಪು ಇರುವ ಆಟದ ಬಗ್ಗೆ. ನೂರು ರೂಪಾಯಿಯ ಟೂರ್ನಮೆಂಟಿನಲ್ಲಿ ಚಿಪ್ಪು ಮುಗಿದರೆ ಮುಗಿಯಿತು. ಬ್ಲೈಂಡ್ ಎಂಬ ಕಡ್ಡಾಯದ ಪಣ ಕೆಲವು ನಿಮಿಷಕ್ಕೊಮ್ಮೆ ಏರುತ್ತಾ ಹೋಗಿ ಸುಮ್ಮನೆ ಕೂತವನನ್ನೂ ತಿನ್ನುತ್ತದೆ. ಬ್ರನ್ಸನ್ ಓದಿ ಈ ಮೇಜಿಗೆ ಕೂತವನು ಧೈರ್ಯವಂತನ ಹಾಗೆ ಕಾಣುತ್ತಾನೆ, ಬೇಗ ಮನೆಗೆ ಹೋಗುತ್ತಾನೆ.

ಎರಡನೆಯದು ಡ್ಯಾನ್ ಹ್ಯಾರಿಂಗ್ಟನ್‌ನ ಮೂರು ಸಂಪುಟ, 2004ರಿಂದ 2006ರೊಳಗೆ ಬಂದದ್ದು. ಇದು ನನಗೆ ಹಿಡಿಸಿತು. 1995ರಲ್ಲಿ ವಿಶ್ವ ಸರಣಿ ಗೆದ್ದವನು, 2003ರಲ್ಲಿ ಮೂರನೆಯವನು, 2004ರಲ್ಲಿ ನಾಲ್ಕನೆಯವನು. 2004ರಲ್ಲಿ ಆಡಿದವರು 2,576 ಮಂದಿ. ಅವನ ಕೈಯಲ್ಲಿ ಒಂದು ಸರಳ ಅಳತೆ ಉಂಟು. ನಿನ್ನ ಚಿಪ್ಪನ್ನು ಒಂದು ಸುತ್ತಿಗೆ ಕಡ್ಡಾಯವಾಗಿ ಕಟ್ಟಬೇಕಾದ ಮೊತ್ತದಿಂದ ಭಾಗಿಸು; ಬಂದ ಸಂಖ್ಯೆ, ಸುಮ್ಮನೆ ಕೂತರೆ ಇನ್ನೆಷ್ಟು ಸುತ್ತು ಬದುಕುತ್ತೀಯ ಎಂದು ಹೇಳುತ್ತದೆ. ಪಾಲ್ ಮಾಗ್ರಿಯೆಲ್ ಎಂಬ ಬ್ಯಾಕ್‌ಗ್ಯಾಮನ್ ಪಂಡಿತನ ಹೆಸರಿನ ಮೇಲೆ ಅದಕ್ಕೆ ‘ಎಂ’ ಎಂದು ಹೆಸರಿಟ್ಟಿದ್ದಾನೆ. ಇಪ್ಪತ್ತರ ಮೇಲಿದ್ದರೆ ಹಸಿರು, ಕೆಳಗೆ ಬಂದ ಹಾಗೆ ಹಳದಿ, ಕಿತ್ತಳೆ, ಕೆಂಪು. ಆದರೆ ಹ್ಯಾರಿಂಗ್ಟನ್ ಆಡಿದ್ದು ದಿನಗಟ್ಟಲೆ ನಡೆಯುವ ಪಂದ್ಯ. ನಮ್ಮವನ ಮೇಜಿನಲ್ಲಿ ಹಸಿರು ಕಾಣುವುದು ಮೊದಲ ಹತ್ತು ನಿಮಿಷ. ಹೀಗಾಗಿ ಮೊದಲ ಸಂಪುಟದ ಬಹುಪಾಲು ಅವನಿಗೆ ಕೆಲಸಕ್ಕೆ ಬಾರದು, ಎರಡನೆಯದು ಬೇಕು.

ತೀರಾ ಹೊಸದು 2019ರ ‘ಮಾಡರ್ನ್ ಪೋಕರ್ ಥಿಯರಿ’, ಮೈಕೆಲ್ ಅಸೆವೆಡೊ ಬರೆದದ್ದು. ಕಂಪ್ಯೂಟರ್ ಲೆಕ್ಕ ಹಾಕಿ ಕೊಟ್ಟ ಕೋಷ್ಟಕಗಳೇ ತುಂಬಿವೆ. ಎದುರಾಳಿ ಎಷ್ಟೇ ಜಾಣನಾದರೂ ನಿನ್ನನ್ನು ಸುಲಿಯಲಾಗದ ಹಾಗೆ ಆಡುವುದು ಹೇಗೆ ಎಂಬುದು ಅದರ ವಿಷಯ. 1928ರಲ್ಲಿ ಫಾನ್ ನಾಯ್ಮನ್ ಎಂಬ ಗಣಿತಜ್ಞ ತೆರೆದ ದಾರಿ ಇಲ್ಲಿಯ ತನಕ ಬಂದಿದೆ. ಗಣಿತದವನಾಗಿ ನನಗೆ ಪುಟ ಮಗುಚಿದಷ್ಟೂ ಖುಷಿ. ಆದರೆ ರಾತ್ರಿ ಹತ್ತೂವರೆಗೆ ನೂರು ರೂಪಾಯಿ ಕಟ್ಟಿ, ಟಿವಿ ನೋಡುತ್ತಾ ಆಡುವ ಎದುರಾಳಿ ಅಷ್ಟು ಜಾಣನಲ್ಲ. ಅವನು ಎಲೆ ಮಗುಚುವುದೇ ಇಲ್ಲ. ಅವನೆದುರು ಬ್ಲಫ್ ಮಾಡುವುದು ಕಿವುಡನಿಗೆ ಭಾಗವತಿಕೆ. ಈ ಮಟ್ಟದ ಮೇಜಿಗೆ ಹಳೆಯ, ಸರಳ ಪುಸ್ತಕವೇ ಸಾಕು, ಅದೇ ಉತ್ತಮ ಎಂಬುದು ನನ್ನ ಅಭಿಪ್ರಾಯ. ಮೇಲಿನ ಮೇಜಿನಲ್ಲಿ ಹಳಸಿದ ಬುದ್ಧಿ ಕೆಳಗಿನ ಮೇಜಿನಲ್ಲಿ ಇನ್ನೂ ಬಿಸಿಯಾಗಿಯೇ ಇರುತ್ತದೆ.

ಕೊನೆಗೆ ಉಳಿದದ್ದು ಕಾಲಿನ್ ಮೋಶ್ಮನ್‌ನ ‘ಸಿಟ್ ಆ್ಯಂಡ್ ಗೋ ಸ್ಟ್ರಾಟಜಿ’, 2007ರದ್ದು. ಒಂದೇ ಮೇಜಿನ ಸಣ್ಣ ಟೂರ್ನಮೆಂಟಿಗೆಂದೇ ಬರೆದದ್ದು. ಹೊದಿಕೆಯ ಮೇಲೆ ಚಾಂಪಿಯನ್ ಎಂದು ಬರೆಸಿಕೊಳ್ಳುವಂಥ ಹೆಸರಲ್ಲ. ಅದನ್ನು ಆರಿಸಲು ನನಗೆ ಕಾರಣ ಕೊಟ್ಟದ್ದು ಮಾತ್ರ ಪೋಕರ್ ಅಲ್ಲ, ನಳನ ಕಥೆ.

ಯಕ್ಷಗಾನದಲ್ಲಿ ನಳದಮಯಂತಿ ನೋಡಿದವರಿಗೆ ಬಾಹುಕ ಗೊತ್ತು. ಜೂಜಿನಲ್ಲಿ ರಾಜ್ಯ ಕಳಕೊಂಡ ನಳ, ರೂಪ ಕೆಟ್ಟು, ಬಾಹುಕನಾಗಿ ಋತುಪರ್ಣನ ಸಾರಥಿಯಾಗಿದ್ದಾನೆ. ದಮಯಂತಿಗೆ ಮರುಸ್ವಯಂವರ ಎಂಬ ಸುದ್ದಿ ಕೇಳಿ ಋತುಪರ್ಣ ಹೊರಟಿದ್ದಾನೆ, ರಥ ಗಾಳಿಯ ಹಾಗೆ ಓಡುತ್ತಿದೆ. ದಾರಿಯಲ್ಲಿ ಒಂದು ತಾರೆ ಮರ. ರಾಜ ಅದನ್ನು ಒಮ್ಮೆ ನೋಡಿ ಎರಡು ಕೊಂಬೆಗಳಲ್ಲಿ ಎಷ್ಟು ಎಲೆ, ಎಷ್ಟು ಕಾಯಿ ಎಂದು ಹೇಳಿಬಿಡುತ್ತಾನೆ, ಕಾಯಿ 2,095. ಆಗಿನ ಕಾಲದ ದಾಳವೇ ತಾರೆಕಾಯಿ ಎಂಬುದನ್ನು ನೆನಪಿಟ್ಟರೆ ಆ ಮರ ಅಲ್ಲಿ ಯಾಕೆ ನಿಂತಿದೆ ಎಂದು ತಿಳಿಯುತ್ತದೆ. ಬೇರೆ ಸಾರಥಿಯಾಗಿದ್ದರೆ ‘ಭಲೆ ಪ್ರಭು’ ಎಂದು ಮುಂದೆ ಹೋಗುತ್ತಿದ್ದ. ಬಾಹುಕ ರಥ ನಿಲ್ಲಿಸುತ್ತಾನೆ. ಹೊತ್ತಾಗುತ್ತದೆ ಎಂದು ರಾಜ ಅಂಗಲಾಚಿದರೂ ಕೇಳದೆ ಇಳಿದು, ಮರ ಕಡಿದು, ಕಾಯಿ ಎಣಿಸುತ್ತಾನೆ. ಲೆಕ್ಕ ಸರಿಯಾಗಿದೆ. ಆಮೇಲೆಯೇ ಅವನು ಆ ವಿದ್ಯೆಯನ್ನು ಕೇಳುವುದು. ಕುದುರೆಯ ವಿದ್ಯೆ ಅಶ್ವಹೃದಯ ಕೊಟ್ಟು ದಾಳದ ವಿದ್ಯೆ ಅಕ್ಷಹೃದಯ ಪಡೆಯುವುದು. ಕಲಿ ಅವನ ಮೈಯಿಂದ ಹೊರಬೀಳುವುದು.

ತಾಳಮದ್ದಳೆಯ ಅರ್ಥಧಾರಿಗಳು ಆ ಕೊಟ್ಟು ಕೊಳ್ಳುವಿಕೆಯನ್ನು ಬೆಳೆಸುತ್ತಾರೆ. ನನಗೆ ಬೆಲೆಬಾಳುವುದು ಅದಕ್ಕೂ ಮೊದಲಿನ ಆ ಗಳಿಗೆ. ಋತುಪರ್ಣನ ವಿದ್ಯೆ ನಿಜ ಎಂದು ನಳನಿಗೆ ತಿಳಿದದ್ದು ಋತುಪರ್ಣ ಜೂಜಿನಲ್ಲಿ ಗೆದ್ದದ್ದರಿಂದ ಅಲ್ಲ. ನಳ ತಾನೇ ಎಣಿಸಿದ್ದರಿಂದ.

ಮೋಶ್ಮನ್‌ನ ಪುಸ್ತಕದಲ್ಲಿ ಎಣಿಸಲಿಕ್ಕೆ ಮರ ಉಂಟು. ಒಂದು ಲೆಕ್ಕವನ್ನು ಅಳಿಯನೂ ನಾನೂ ಕಾಗದದ ಮೇಲೆ ಮಾಡಿದೆವು. ಹತ್ತರಲ್ಲಿ ನಾಲ್ಕು ಜನ ಉಳಿದಿದ್ದಾರೆ, ನಾಲ್ವರಲ್ಲೂ ಚಿಪ್ಪು ಸಮ. ಇನ್ನೊಬ್ಬ ಹೋದರೆ ಉಳಿದ ಮೂವರಿಗೂ ಬಹುಮಾನ. ಎಲ್ಲರೂ ಸಮ ಆದ್ದರಿಂದ ಸಾವಿರದಲ್ಲಿ ಒಬ್ಬೊಬ್ಬನ ಪಾಲು ಈಗ 250. ಒಬ್ಬ ತನ್ನ ಎಲ್ಲ ಚಿಪ್ಪನ್ನೂ ಮುಂದೆ ದೂಡಿದ, ನೀನು ಒಪ್ಪುತ್ತೀಯೋ ಬಿಡುತ್ತೀಯೋ? ಸೋತರೆ ಸೊನ್ನೆ. ಗೆದ್ದರೆ ಚಿಪ್ಪು ಎರಡು ಪಾಲು. ಹಾಗಾದರೆ ಬೆಲೆಯೂ 500 ಆಗಬೇಕಲ್ಲ ಎಂದು ಮನಸ್ಸು ಹೇಳುತ್ತದೆ. ಆಗುವುದಿಲ್ಲ. ಮೂವರಲ್ಲಿ ನಿನ್ನ ಹತ್ತಿರ ಅರ್ಧ ಚಿಪ್ಪು ಇದ್ದರೆ ಮೊದಲ ಸ್ಥಾನ ಬರುವ ಸಾಧ್ಯತೆ ಎರಡರಲ್ಲೊಂದು, ಎರಡನೆಯದು ಮೂರರಲ್ಲೊಂದು, ಮೂರನೆಯದು ಆರರಲ್ಲೊಂದು. ಕೂಡಿಸಿದರೆ 250, 100, 33: ಒಟ್ಟು 383. ಅಂದರೆ 383ರ ಆಸೆಗೆ ಕೈಯಲ್ಲಿರುವ 250ನ್ನು ಒಡ್ಡುತ್ತಿದ್ದೀಯ. ನೂರರಲ್ಲಿ 65 ಸಲ ಗೆಲ್ಲುವಂಥ ಎಲೆ ಇದ್ದರೆ ಮಾತ್ರ ಒಪ್ಪಬೇಕು. ಎದುರಿನವನಲ್ಲಿ ಎಕ್ಕ ಮತ್ತು ರಾಜ, ನಿನ್ನಲ್ಲಿ ಜೋಡಿ ಗುಲಾಮ ಇದ್ದರೆ ಗೆಲ್ಲುವುದು ನೂರಕ್ಕೆ ಸುಮಾರು 57 ಸಲ. ಬ್ಲೈಂಡಿನ ಸಣ್ಣ ಲೆಕ್ಕ ಬದಿಗಿಟ್ಟು ಹೇಳುವುದಾದರೆ, ಆ ಚಂದದ ಜೋಡಿಯನ್ನು ಮಗುಚಿ ಇಡಬೇಕು.

ಅಳಿಯ ಪೆನ್ಸಿಲು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಾದ. ‘ನಾನಾದರೆ ಕಣ್ಣುಮುಚ್ಚಿ ಒಪ್ಪುತ್ತಿದ್ದೆ ಮಾವ’ ಅಂದ. ಅದೇ ಪುಸ್ತಕ ‘ಇಂಥಲ್ಲಿ ಗುಲಾಮನ ಜೋಡಿಯನ್ನು ಬಿಡು’ ಎಂದಷ್ಟೇ ಹೇಳಿ ನಿಲ್ಲಿಸಿದ್ದರೆ ಅದಕ್ಕೂ ಕುಕ್ಕುಟ ಪಂಚಾಂಗಕ್ಕೂ ಬಣ್ಣದ ವ್ಯತ್ಯಾಸ ಮಾತ್ರ. ಬಿಡು ಎಂದು ಹೇಳಿ ಯಾಕೆ ಎಂಬುದನ್ನೂ ನಮ್ಮ ಕೈಯಿಂದಲೇ ಮಾಡಿಸಿತು. ಅಲ್ಲಿಂದ ಮುಂದೆ ಐದು ಜನ ಉಳಿದಾಗ ಏನು, ಒಬ್ಬನಲ್ಲಿ ಚಿಪ್ಪು ತೀರಾ ಕಡಿಮೆ ಇದ್ದರೆ ಏನು ಎಂದು ಅವನೇ ಲೆಕ್ಕ ಕಟ್ಟತೊಡಗಿದ.

ಇನ್ನು ‘ಪುಸ್ತಕ ಓದಿದ ಮೇಲೆ ಗೆಲ್ಲುತ್ತಿದ್ದೇನೆ’ ಎಂಬ ಮಾತು. ಇದನ್ನೂ ಲೆಕ್ಕಕ್ಕೆ ಹಾಕಬಹುದು, ಹಾಕಿದರೆ ಬೆವರು ಬರುತ್ತದೆ. ಈ ಹತ್ತು ಜನರ ಆಟದಲ್ಲಿ ಒಂದು ಸಲಕ್ಕೆ ಬರುವ ಮೊತ್ತದ ಏರಿಳಿತ, ಸಂಖ್ಯಾಶಾಸ್ತ್ರದವರು ಅಳೆಯುವ ರೀತಿಯಲ್ಲಿ, ಸುಮಾರು 167 ರೂಪಾಯಿ. ನೀನು ನಿಜವಾಗಿಯೂ ಜಾಣನಾಗಿದ್ದು, ಕಟ್ಟಿದ 110ಕ್ಕೆ ಸರಾಸರಿ 11 ರೂಪಾಯಿ ಉಳಿಸುತ್ತೀಯ ಎಂದೇ ಇಟ್ಟುಕೊಳ್ಳುವ. ಆ ಹನ್ನೊಂದು ರೂಪಾಯಿ ಬುದ್ಧಿಯದ್ದೇ ಹೊರತು ಅದೃಷ್ಟದ್ದಲ್ಲ ಎಂದು ಸಾಕಷ್ಟು ನಂಬಿಕೆಯಿಂದ ಹೇಳಲು ಸುಮಾರು ಒಂಬೈನೂರು ಟೂರ್ನಮೆಂಟು ಬೇಕು. ದಿನಕ್ಕೊಂದು ಆಡಿದರೆ ಎರಡೂವರೆ ವರ್ಷ. ನೂರಾರು ಜನ ಒಟ್ಟಿಗೆ ಆಡುವ ಟೂರ್ನಮೆಂಟಾದರೆ ಇನ್ನೂ ಎಷ್ಟೋ ಹೆಚ್ಚು. ‘ಈ ಪುಸ್ತಕದಿಂದ ನನಗೆ ಲಾಭವಾಯಿತು’ ಎಂದು ಒಂದು ತಿಂಗಳ ಆಟ ನೋಡಿ ಹೇಳುವವನೂ, ಬೊಳ್ಳೆ ಹುಂಜ ಸತತ ಮೂರು ಅಂಕ ಗೆದ್ದದ್ದಕ್ಕೆ ಪಂಚಾಂಗಕ್ಕೆ ಕೈಮುಗಿಯುವವನೂ ಒಂದೇ ಬೆಂಚಿನವರು. ವಿಜೇತರು ಬರೆದ ಪುಸ್ತಕ ಎಂಬ ಬಿರುದನ್ನು ನಾನು ಅನುಮಾನದಿಂದ ನೋಡುವುದು ಇದಕ್ಕೇ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದವನು ಆನ್‌ಲೈನಿನ ಸಣ್ಣ ಟೂರ್ನಮೆಂಟಿನಿಂದ ಹತ್ತಿ ವಿಶ್ವ ಸರಣಿಯ 25 ಲಕ್ಷ ಡಾಲರ್ ಗೆದ್ದ. ಆಮೇಲೆಯೇ ಲೋಕವೆಲ್ಲ ಈ ಆಟಕ್ಕೆ ಮುಗಿಬಿದ್ದದ್ದು. ಅವನ ಹಾಗೆಯೇ ಆಡಿ ಮೊದಲ ಗಂಟೆಯಲ್ಲೇ ಹೊರಬಿದ್ದವರನ್ನು ಪುಸ್ತಕ ಬರೆಯಿರಿ ಎಂದು ಯಾರೂ ಕೇಳಿಲ್ಲ.

ಫಲಿತಾಂಶ ಹೇಳದಿದ್ದರೆ ಹೇಳುವವರು ಯಾರು? ಅಳಿಯನಿಗೆ ಒಂದು ನೂರು ಪುಟದ ನೋಟ್‌ಪುಸ್ತಕ ಇಡಲು ಹೇಳಿದೆ. ದೊಡ್ಡ ಪಣ ಒಡ್ಡುವಾಗ ಎಲೆ ಯಾವುದು, ಎಷ್ಟು ಜನ ಉಳಿದಿದ್ದರು, ಯಾಕೆ ಒಡ್ಡಿದೆ ಎಂಬುದನ್ನು ಒಂದು ಸಾಲು ಬರೆಯುವುದು. ಗೆದ್ದದ್ದು ಸೋತದ್ದನ್ನು ಬರೆಯಬಾರದು. ಅದಕ್ಕೆ ಬೇರೆ ಹಾಳೆ. ಹೊತ್ತನ್ನು ಮಾತ್ರ ಬರೆದುಕೋ ಅಂದೆ. ಹೊತ್ತು ನೋಡುವ ಬುದ್ಧಿ ಪಂಚಾಂಗದಿಂದಲೇ ಬಂದದ್ದು ಎಂದು ಅವನು ನಕ್ಕ.

ಕೆಲವು ತಿಂಗಳು ಕಳೆದ ಮೇಲೆ ಕೂತು ಓದಿದೆವು. ಹತ್ತು ಗಂಟೆಯ ಸಾಲುಗಳಲ್ಲಿ ಕಾರಣ ಇರುತ್ತಿತ್ತು: ‘ನಾಲ್ಕು ಬ್ಲೈಂಡು ಉಳಿದಿದೆ, ಕಾಯಲಿಕ್ಕಾಗದು’, ‘ಎಡದವನು ಎಲ್ಲದಕ್ಕೂ ಮಗುಚುತ್ತಾನೆ’. ಹನ್ನೊಂದೂವರೆಯ ಸಾಲುಗಳು ಬೇರೆಯೇ ಜಾತಿ. ‘ಮೊದಲಿನದ್ದರಲ್ಲಿ ಅನ್ಯಾಯವಾಗಿ ಸೋತೆ.’ ‘ಹೇಗೂ ಇದು ಕೊನೆಯದ್ದು.’ ಒಂದು ಕಡೆ ಬರೀ ‘ಆಗಲಿ’ ಎಂದು ಬರೆದಿದ್ದ. ಬೇರೆ ಹಾಳೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಆ ‘ಆಗಲಿ’ ಟೂರ್ನಮೆಂಟಿನಲ್ಲಿ ಅವನು ಮೊದಲ ಸ್ಥಾನ ಪಡೆದಿದ್ದ, ಮರುದಿನ ನಮಗೆಲ್ಲ ಪುತ್ತೂರಿನಿಂದ ಐಸ್‌ಕ್ರೀಮು ತಂದಿದ್ದ. ನಳ ಸೋತದ್ದೂ ದಾಳ ಉರುಳಿಸಲು ಬಾರದ್ದರಿಂದ ಮಾತ್ರ ಅಲ್ಲ. ಮಂತ್ರಿಗಳೂ ಊರವರೂ ಬಾಗಿಲಲ್ಲಿ ನಿಂತಿದ್ದರೂ, ದಮಯಂತಿ ಬೇಡಿದರೂ ಏಳಲಿಲ್ಲ. ವಿದ್ಯೆ ಸಿಕ್ಕಿದ ಮೇಲೆ ತನ್ನ ತಮ್ಮ ಪುಷ್ಕರನ ಜೊತೆ ಆಡಿದ್ದು ಒಂದೇ ಪಣ. ಗೆದ್ದು, ತಮ್ಮನಿಗೆ ಅವನ ಪಾಲು ಕೊಟ್ಟು ಕಳಿಸಿ, ಆಟ ಮುಗಿಸಿದ.

ಮೇಜಿನ ಬಾಡಿಗೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ಲೆಕ್ಕ ಅಪೂರ್ಣ. ಹತ್ತು ಜನ ಸಮಾನ ಜಾಣರು ಆಡಿದರೆ ಪ್ರತಿ ಆಟದಲ್ಲೂ ಪ್ರತಿಯೊಬ್ಬನೂ ಸರಾಸರಿ ಹತ್ತು ರೂಪಾಯಿ ಸೋಲುತ್ತಾನೆ, ನಡೆಸುವವನು ನೂರು ರೂಪಾಯಿ ಎತ್ತಿಕೊಳ್ಳುತ್ತಾನೆ. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಬಂತು. ತೆರಿಗೆ ಸೇರಿಸಿ ನೂರು ಹಾಕಿದರೆ ಅದರಲ್ಲಿ ಸುಮಾರು 22 ರೂಪಾಯಿ ಅದಕ್ಕೇ ಹೋಗುತ್ತಿತ್ತು. ನಿವ್ವಳ ಗೆಲುವಿನ ಮೇಲೆ ಶೇ. 30 ಬೇರೆ ಮುರಿದುಕೊಳ್ಳುತ್ತಿದ್ದರು. 2007ರಲ್ಲಿ ಬರೆದ ಯಾವ ಪುಸ್ತಕವೂ ಈ ಭಾರವನ್ನು ಕಂಡದ್ದಲ್ಲ. ಹತ್ತು ರೂಪಾಯಿಯ ಬಾಡಿಗೆಯನ್ನು ಬುದ್ಧಿಯಿಂದ ದಾಟಬಹುದು, ಇದನ್ನು ದಾಟುವ ತಂತ್ರ ಇಸ್ಪೀಟಿನೊಳಗೆ ಇಲ್ಲ.

ಆಮೇಲೆ ಮೇಜೇ ಹೋಯಿತು. ಕರ್ನಾಟಕ 2021ರಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು; ಕೌಶಲದ ಆಟವನ್ನು ಜೂಜಿನ ಸಾಲಿಗೆ ಸೇರಿಸುವುದು ಸಲ್ಲದೆಂದು ಹೈಕೋರ್ಟು 2022ರ ಫೆಬ್ರವರಿ 14ರಂದು ಅದನ್ನು ರದ್ದು ಮಾಡಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿ, 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಕಾಯ್ದೆ ಕೌಶಲವೋ ಅದೃಷ್ಟವೋ ಎಂಬ ಚರ್ಚೆಯನ್ನೇ ಬದಿಗೆ ಸರಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದನ್ನೂ ನಡೆಸಬಾರದು. ಶಿಕ್ಷೆ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ಆಡಿದವನಿಗೆ ಅಲ್ಲ. ನ್ಯಾಯಾಲಯದ ವಾದಗಳು ಏನೇ ಇರಲಿ, ಅಳಿಯ ಇದ್ದ ಚಿಲ್ಲರೆ ದುಡ್ಡನ್ನು ಬ್ಯಾಂಕಿಗೆ ಹಾಕಿಸಿಕೊಂಡು ಆ್ಯಪ್ ತೆಗೆದುಹಾಕಿದ. ತಂಗಿಗೆ ಸಮಾಧಾನ. ನನಗೂ, ನಿಜ ಹೇಳುವುದಾದರೆ. ಬ್ರನ್ಸನ್ ಒಬ್ಬ ಸ್ನೇಹಿತನ ಮನೆಗೆ ಹೋಯಿತು, ಅಸೆವೆಡೊ ನನ್ನ ಕಪಾಟಿಗೆ ಬಂತು.

ಈಚೆಗೆ ನೆರೆಮನೆಯ ಹುಡುಗನೊಬ್ಬ ಒಂದು ಹೊಸ ಪುಸ್ತಕ ಹಿಡಿದು ಅವನ ಹತ್ತಿರ ಬಂದಿದ್ದ. ಷೇರು ಮಾರುಕಟ್ಟೆಯ ಆಪ್ಶನ್ ವಹಿವಾಟಿನಲ್ಲಿ ಗೆಲ್ಲುವುದು ಹೇಗೆ ಎಂಬ ಪುಸ್ತಕ. ಇದಕ್ಕೆ ನಿಷೇಧವಿಲ್ಲ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಹೊರತಂದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಶನ್ ವಹಿವಾಟು ಮಾಡಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳಕೊಂಡವರೇ. ಅಳಿಯ ಆ ಅಂಕಿಯನ್ನು ಹೇಳಲಿಲ್ಲ. ಪರಿವಿಡಿ ತೆರೆದು ಬೆರಳಿಟ್ಟು ಕೆಳಗಿನ ತನಕ ಹೋದ. ಪೇಟೆಯ ಏರಿಳಿತದ ಚಿತ್ರ ಓದುವುದಕ್ಕೆ ಏಳೆಂಟು ಅಧ್ಯಾಯ, ಧೈರ್ಯಕ್ಕೆ ಒಂದು, ಲೇಖಕರ ಯಶಸ್ಸಿಗೆ ಒಂದು.

‘ದಲ್ಲಾಳಿ ಖರ್ಚು, ತೆರಿಗೆ ಕಳೆದು ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಎಲ್ಲಿ ಉಂಟು ಇದರಲ್ಲಿ?’ ಎಂದು ಕೇಳಿದ.

ಹುಡುಗ ಪುಸ್ತಕವನ್ನು ವಾಪಸು ತೆಗೆದುಕೊಂಡು ಹುಡುಕತೊಡಗಿದ. ಅಳಿಯ ಒಳಗಿಂದ ಕಾಗದ, ಪೆನ್ಸಿಲು ತಂದ.